ಗೋಡೆಗೆ ಕೈ

ರಾತ್ರಿ ಪಾಳಿ ಮುಗಿಸಿ ಎಂಟಕ್ಕೆ ಬಂದರೆ
ಹಿತ್ತಿಲ ಬಾಗಿಲು ನನಗಿಂತ ಮೊದಲೇ ತೆರೆದಿತ್ತು.
ಸಂಡರ್‌ಲ್ಯಾಂಡಿನ ಚಳಿ ಒಳಗೆ ಬಂದು
ಕುರ್ಚಿ ಎಳೆದುಕೊಂಡು ಕೂತಿತ್ತು.

ಅಡುಗೆಮನೆ ತುಂಬ ಸಾಸಿವೆ.
ಮಸಾಲೆ ಡಬ್ಬಿಯಲ್ಲೂ ಚಿನ್ನ ಇಡುತ್ತಾರೆಂದು
ಅವನಿಗೆ ಯಾರು ಹೇಳಿದರೋ,
ಹೇಳಿದವರು ಸುಳ್ಳು ಹೇಳಿಲ್ಲ.
ಅರಿಶಿನದ ಬಟ್ಟಲ ತಳದಲ್ಲಿತ್ತು ನನ್ನ ಗುಂಡಿನ ಸರ,
ಅತ್ತೆ ಕಲಿಸಿದ ಜಾಗ.
ಫ್ರಿಜ್ಜಿನ ಮೇಲೆ, ಸ್ವಿಚ್ಚಿನ ಮೇಲೆ, ನೀಲಿಯ ದಿಂಬಿನ ಮೇಲೆ
ಹಳದಿ ಬೆರಳು.
ಅರಿಶಿನ ಹಚ್ಚಿಸಿಕೊಂಡು ಎದ್ದ ಮದುಮಗನ ಹಾಗೆ
ಮನೆಯೆಲ್ಲ ಓಡಾಡಿದ್ದಾನೆ.

ಗುರುಪಾದ ಮಗಳ ಜೊತೆ ಲೀಡ್ಸಿನಲ್ಲಿ, ಯಾರದೋ ತೊಟ್ಟಿಲಿಗೆ.
ಫೋನು ಮಾಡಿದೆ. ಅಳು ಬರಲಿಲ್ಲ.
ಎಳೆ ಮೀಸೆಯ ಪೊಲೀಸು
ಈ ಪುಡಿ ಯಾವುದೆಂದು ಎರಡು ಸಲ ಕೇಳಿ
ಒಂದು ಉದ್ದನೆಯ ನಂಬರು ಕೊಟ್ಟು ಹೋದ.
ಪೊರಕೆ ಹಿಡಿದೆ, ಗುಡಿಸಲಿಲ್ಲ.

ಆಗ ಬಂದಳು ಪಕ್ಕದ ಮನೆಯ ಈನಿಡ್.
ಮೂರು ವರ್ಷದಿಂದ ಅವಳು ನನಗೆ ಬರೀ ಊರುಗೋಲು:
ಬೆಳಿಗ್ಗೆ ಆರಕ್ಕೆ ಮಿಕ್ಸರ್ ಹಾಕಿದರೆ ಠಕ್,
ಕುಕ್ಕರ್ ಕೂಗಿದರೆ ಠಕ್ ಠಕ್,
ನೀಲಿ ಕುಣಿದರೆ ಗೋಡೆಯ ಕ್ಯಾಲೆಂಡರೇ ಕೆಳಗೆ.
ಈಗ ನೈಟಿ ಮೇಲೆ ಕೋಟು ಹಾಕಿಕೊಂಡು
ಬಾಗಿಲಲ್ಲಿ ನಿಂತು ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು:
"ಎರಡೂವರೆಗೆ ಸದ್ದಾಯಿತು.
ನೀನೇ ಅಂದುಕೊಂಡೆ, ಪೆಟ್.
ಸಿಟ್ಟು ಬಂತು. ಜೋರಾಗಿ ಬಡಿದೆ."

ಪೆಟ್ ಅಂದರೆ ಈ ಊರಲ್ಲಿ ಮುದ್ದು.
ನಮ್ಮಲ್ಲಿ ಬೀಳುವಂಥದ್ದು.
ಅವತ್ತು ರಾತ್ರಿ ಎರಡೂ ಒಂದೇ ಆಗಿ
ಕಳ್ಳ ಓಡಿದ್ದಾನೆ, ಸರ ಜೇಬಲ್ಲಿ.
ಓಣಿಯ ಕಸದ ಡಬ್ಬದ ಪಕ್ಕ ಬಿಟ್ಟುಹೋದ ದಿಂಬಿನ ಚೀಲದೊಳಗೆ
ಲ್ಯಾಪ್‌ಟಾಪು, ನೀಲಿಯ ಹಂದಿ ಹುಂಡಿ,
ಅವ್ವನ ಇಳಕಲ್ ಸೀರೆ, ಮಡಿಕೆ ಕೂಡ ಕೆಡದೆ.
ಗೋಡೆಗೆ ಕಿವಿ ಇದೆ ಅಂತಿದ್ದಳು ಅವ್ವ.
ಕೈ ಇದೆ ಅಂದಿರಲಿಲ್ಲ.

ಮೂಲೆಮನೆಯ ಕಾಲಿನ್, ಹಡಗುಕಟ್ಟೆಯಲ್ಲಿ ದುಡಿದು ದಣಿದವನು,
ಪ್ಲೈವುಡ್ ಹೊತ್ತು ತಂದ.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ,
ನಮ್ಮ ಗಾದೆ, ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ, ಒಂದು ಮೊಳೆ ಬಿತ್ತು,
ಸಾಸಿವೆಯಲ್ಲಿ ಹುಡುಕಿದೆವು ಇಬ್ಬರೂ.
ದುಡ್ಡು ಚಾಚಿದರೆ ಕೈ ಹಿಂದೆ ಕಟ್ಟಿಕೊಂಡ.
ಚಹಾ ಕೇಳಿದ, ಮೂರು ಚಮಚ ಸಕ್ಕರೆ.

ಎದುರುಮನೆಯ ಲುವಾಮ್.
ಎರಿಟ್ರಿಯಾದವಳು, ಅವಳ ಮಾತು ನನಗೆ ಬಾರದು,
ನನ್ನದು ಅವಳಿಗೆ.
ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳೇ
ನನ್ನ ಕೈಯಿಂದ ಪೊರಕೆ ಕಿತ್ತಳು,
ಮಂಚ ತೋರಿಸಿ ಎರಡು ಕೈ ಕೆನ್ನೆಗಿಟ್ಟಳು: ಮಲಗು.
ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.
ಎದ್ದಾಗ ಕತ್ತಲು.
ಅವಳು ಅಲ್ಲೇ, ಕೂಸಿಗೆ ಹಾಲೂಡಿಸುತ್ತ,
ನಮ್ಮ ಮನೆಯನ್ನೂ ಮಡಿಲಲ್ಲಿ ಇಟ್ಟುಕೊಂಡ ಹಾಗೆ.

ಇಷ್ಟಾದರೂ ಹೇಳಲೇಬೇಕು:
ಆಮೇಲೆ ಎಷ್ಟೋ ವಾರ ನಾನು ಜನರ ಮುಖ ನೋಡಲಿಲ್ಲ,
ಉಗುರು ನೋಡಿದೆ.
ಬಸ್ಸಿನ ಡ್ರೈವರನದು, ಪಾರ್ಸೆಲ್ ತರುವ ಹುಡುಗನದು,
ನಾಚಿಕೆಗೇಡು, ಚಹಾ ಕುಡಿಯುವ ಕಾಲಿನ್‌ದೂ.
ಸಿಗರೇಟಿನ ಹಳದಿಯೋ, ಅರಿಶಿನವೋ ಎಂದು.

ಸರ ಸಿಗಲಿಲ್ಲ.
ಸಾಸಿವೆ ಮಾತ್ರ ಇನ್ನೂ ಸಿಗುತ್ತಿದೆ,
ಫ್ರಿಜ್ಜು ಸರಿಸಿದಾಗ, ಮಳೆಬೂಟು ಕೊಡವಿದಾಗ.

ಮೊನ್ನೆ ಭಾನುವಾರ ಎದ್ದದ್ದೇ ತಡ.
ತಿಂಡಿಗೆ ಅವಲಕ್ಕಿ ಸಾಕು, ಅರೆಯುವುದೇನೂ ಇರಲಿಲ್ಲ.
ಏಳೂವರೆ ಇರಬೇಕು, ಗೋಡೆ ಕೇಳಿತು:
ಠಕ್?
ಮೆಲ್ಲಗೆ, ರಬ್ಬರಿನ ತುದಿಯಿಂದ.

ಖಾಲಿ ಜಾರು ಇಟ್ಟು
ಮಿಕ್ಸರ್ ಒಮ್ಮೆ ತಿರುಗಿಸಿದೆ.